ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲೈನ್‌ಮನೆಯವರು ಎಲ್ಲಿ?

ಮಾನ್ಯ ಸಂಪಾದಕರೇ,

ಕಾಡಾನೆ ಬಂದದ್ದು, ರಸ್ತೆ ಕುಸಿದದ್ದು, ಕರೆಂಟು ಹೋದದ್ದು ಇವೆಲ್ಲ ಮೊದಲು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿಯಾಗಿ, ಮರುದಿನ ಬೆಳಿಗ್ಗೆ ನಿಮ್ಮ ಪತ್ರಿಕೆಗೆ ಬರುವ ಕಾಲವಿದು. ಕೊಡಗಿನ ಹಳ್ಳಿ ಪಟ್ಟಣಗಳಲ್ಲಿ ಇಂಥ ಗುಂಪುಗಳು ಬೇರೂರಿ ಹಲವು ವರ್ಷಗಳಾಗಿವೆ. ಅವುಗಳಿಂದ ನಮಗೇನು ದಕ್ಕಿತು, ಲೈನ್‌ಮನೆಯವರಂತೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರಂತೆ, ಯಾರೆಲ್ಲ ಹೊರಗುಳಿದರು ಎಂಬ ಚರ್ಚೆಯನ್ನು ಗುಂಪಿನೊಳಗೇ ನಡೆಸುವುದು ಕಷ್ಟ. ಅಲ್ಲಿ ಎರಡು ಪ್ಯಾರಾ ಬರೆದರೆ ಓದುವವರಿಲ್ಲ, ಅಷ್ಟರಲ್ಲಿ ನಾಲ್ಕು ಶುಭೋದಯದ ಚಿತ್ರಗಳು ಬಂದು ಮಾತು ಮೇಲಕ್ಕೆ ಸರಿದುಹೋಗಿರುತ್ತದೆ. ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಓದುಗರ, ಅರಣ್ಯ ಇಲಾಖೆಯ ಮತ್ತು ಗ್ರಾಮ ಪಂಚಾಯಿತಿಗಳ ಗಮನಕ್ಕೆ ಕೆಲವು ವಿಷಯಗಳನ್ನು ತರಬಯಸುತ್ತೇನೆ.

ನಾನು ಸಿದ್ದಾಪುರ ಭಾಗದ ಸಣ್ಣ ಬೆಳೆಗಾರ. ನಮ್ಮ ಊರಿನ ಗುಂಪಿನಲ್ಲಿ ಬೆಳೆಗಾರರು, ಅಂಗಡಿಯವರು, ಜೀಪು ಮತ್ತು ಆಟೋ ಚಾಲಕರು, ಶಾಲಾ ಶಿಕ್ಷಕರು, ಪಂಚಾಯಿತಿ ಸದಸ್ಯರು, ಬೆಂಗಳೂರು ಮೈಸೂರುಗಳಲ್ಲಿ ನೆಲೆಸಿದ್ದರೂ ಇಲ್ಲಿ ತೋಟ ಉಳಿಸಿಕೊಂಡವರು ಎಲ್ಲರೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ ಸರಾಸರಿ 319 ಜನರಿದ್ದರೆ ಕೊಡಗಿನಲ್ಲಿ ಇದ್ದವರು 135 ಮಾತ್ರ. ಇಲ್ಲಿ ನೆರೆಮನೆಯೆಂದರೆ ಗದ್ದೆಯಾಚೆಯದು, ಇಲ್ಲವೇ ಎರಡು ತೋಟದ ಗೇಟು ದಾಟಿ ಸಿಗುವಂಥದು. ಮಳೆಗಾಲದಲ್ಲಿ ವಾರಗಟ್ಟಲೆ ನೆರೆಯವರ ಮುಖ ಕಾಣದೆ ಇರುವುದು ಹೊಸತೇನೂ ಅಲ್ಲ. ಇಂಥ ಕಡೆ ಊರನ್ನು ಒಂದುಗೂಡಿಸುವ ಸಾಧನವೊಂದು ಬೇಕೇ ಬೇಕು. ಅಮೆರಿಕದಲ್ಲಿ 2011ರಲ್ಲಿ ಆರಂಭವಾದ ನೆಕ್ಸ್ಟ್‌ಡೋರ್ ಎಂಬ ಜಾಲತಾಣ ನೆರೆಹೊರೆಯವರಿಗಾಗಿಯೇ ರೂಪುಗೊಂಡದ್ದು. ಅಲ್ಲಿ ಸೇರುವವರ ವಿಳಾಸವನ್ನು ಪರಿಶೀಲಿಸುತ್ತಾರೆ, ಸ್ವಂತ ಹೆಸರಿನಲ್ಲಿಯೇ ಬರೆಯಬೇಕು. ನಮ್ಮ ದೇಶದಲ್ಲಿ ಗೂಗಲ್ ಸಂಸ್ಥೆ 2018ರಲ್ಲಿ ಮುಂಬೈಯಿಂದ ಆರಂಭಿಸಿದ ನೇಬರ್ಲಿ ಎಂಬ ಆ್ಯಪ್ 2020ರಲ್ಲಿ ಮುಚ್ಚಿಹೋಯಿತು. ಹೀಗಾಗಿ ನಮಗೆ ಉಳಿದದ್ದು ವಾಟ್ಸ್‌ಆ್ಯಪ್. ಅದರಲ್ಲಿ ವಿಳಾಸದ ಪರಿಶೀಲನೆಯಿಲ್ಲ. ಅಡ್ಮಿನ್ ಫೋನಿನಲ್ಲಿ ಯಾರ ನಂಬರ್ ಇದೆಯೋ ಅವರೇ ಊರಿನವರು. ಈ ಪತ್ರದ ಮುಖ್ಯ ವಿಷಯ ಹುಟ್ಟುವುದು ಇಲ್ಲಿಯೇ.

ಗುಂಪಿನಿಂದ ಆಗಿರುವ ಉಪಕಾರವನ್ನು ಮೊದಲು ಹೇಳದಿದ್ದರೆ ತಪ್ಪಾದೀತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಸಂಜೆ ನಮ್ಮ ಗುಂಪನ್ನು ನೋಡಬೇಕು. ಒಬ್ಬರು 85 ಸೆಂಟ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಎನ್ನುತ್ತಾರೆ, ಹೊಳೆಯಾಚೆಯವರು 1 ಇಂಚು 20 ಸೆಂಟ್ ಎನ್ನುತ್ತಾರೆ, ಒಂದು ಹನಿಯೂ ಬೀಳದವರು ಸಂಕಟದಿಂದ ಸೊನ್ನೆ ಎಂದು ಬರೆಯುತ್ತಾರೆ. ಮಳೆ ಸಾಲದೆಂದು ಕಂಡವರು ಮರುದಿನವೇ ಸ್ಪ್ರಿಂಕ್ಲರ್ ಹಾಕುವ ಸಿದ್ಧತೆ ಮಾಡಿಕೊಳ್ಳುತ್ತಾರೆ. ಜೂನ್ ತಿಂಗಳಲ್ಲಿ ಮರ ಬಿದ್ದು ತಂತಿ ತುಂಡಾದರೆ, ಯಾವ ಟಿ.ಸಿ.ಯಿಂದ (ವಿದ್ಯುತ್ ಪರಿವರ್ತಕದಿಂದ) ಮುಂದಕ್ಕೆ ಕರೆಂಟು ಇಲ್ಲ ಎಂಬುದು ಗುಂಪಿನಿಂದಲೇ ತಿಳಿಯುವುದರಿಂದ ಲೈನ್‌ಮ್ಯಾನ್‌ಗಳು ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹುಡುಕಿಕೊಂಡು ನಡೆಯುವುದು ತಪ್ಪಿದೆ. ಮಡಿಕೇರಿಯ ವಾರ್ಡ್ ಗುಂಪುಗಳಲ್ಲಿ ಕೂಟುಹೊಳೆಯ ನೀರು ಇಂದು ಯಾವ ಬೀದಿಗೆ, ಎಷ್ಟು ಗಂಟೆಗೆ ಎಂಬುದೇ ದಿನದ ಮುಖ್ಯ ವಾರ್ತೆ ಎಂದು ಅಲ್ಲಿರುವ ನನ್ನ ತಂಗಿ ಹೇಳುತ್ತಾಳೆ. ನಾಪೋಕ್ಲು ಕಡೆಯವರಿಗೆ ಚೆರಿಯಪರಂಬು ರಸ್ತೆಯ ಮೇಲೆ ನೀರು ಬಂದಿದೆಯೇ ಇಲ್ಲವೇ ಎಂಬುದು ಮನೆಯಿಂದ ಹೊರಡುವ ಮೊದಲೇ ತಿಳಿಯುತ್ತದೆ. ರಕ್ತ ಬೇಕೆಂಬ ಕೋರಿಕೆ, ಕಳೆದುಹೋದ ನಾಯಿ, ಗುಣಿ ತೆಗೆಯಲು ಆಳು, ಮಾರಾಟಕ್ಕಿರುವ ಮೆಣಸಿನ ಬಳ್ಳಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆಗಳಲ್ಲಿ ಗುಡ್ಡಗಳು ಜಾರಿದಾಗ ಯಾವ ಮನೆಯಲ್ಲಿ ಎಷ್ಟು ಮಂದಿ ಸಿಕ್ಕಿಕೊಂಡಿದ್ದಾರೆ ಎಂಬ ಮಾಹಿತಿ ಇಂಥ ಗುಂಪುಗಳ ಮೂಲಕ ಹರಿದಾಡಿದ್ದು ಜಿಲ್ಲೆಯವರಿಗೆಲ್ಲ ನೆನಪಿದೆ. ಆದರೆ ಅದೇ ದಿನಗಳಲ್ಲಿ, ಸಿಕ್ಕಿಕೊಂಡವರು ಶಿಬಿರ ಸೇರಿದ ಮೇಲೂ ಅವರಿಗಾಗಿ ನೆರವು ಕೋರುವ ಸಂದೇಶಗಳು ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇದ್ದವು. ಕಾರಣ ಸರಳವಾದದ್ದು: ಫಾರ್ವರ್ಡ್ ಮಾಡಿದ ಸಂದೇಶದ ಕೆಳಗೆ ಕಾಣುವ ಸಮಯ ಅದನ್ನು ನಮಗೆ ಕಳುಹಿಸಿದ ಸಮಯವೇ ಹೊರತು ಮೊದಲು ಬರೆದವರು ಬರೆದ ಸಮಯವಲ್ಲ. ನಿನ್ನೆಯ ಮೊರೆ ಇಂದಿನದಾಗಿ ಕಾಣುತ್ತದೆ. ಸ್ವಯಂಸೇವಕರು ಖಾಲಿ ಮನೆಗೆ ಹೋಗುತ್ತಾರೆ, ಜನರಿರುವ ಮನೆ ಕಾಯುತ್ತದೆ. ಸಂದೇಶದೊಳಗೇ ತಾರೀಕು, ಗಂಟೆ, ಸ್ಥಳ ಬರೆಯಬೇಕು, ಕೆಲಸ ಮುಗಿದ ಮೇಲೆ ಮುಗಿಯಿತೆಂದೂ ಬರೆಯಬೇಕು ಎಂಬ ಸಣ್ಣ ಶಿಸ್ತು ಇಷ್ಟು ವರ್ಷಗಳಾದರೂ ನಮ್ಮಲ್ಲಿ ಬೆಳೆದಿಲ್ಲ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಸುತ್ತಮುತ್ತ ಭೂಮಿ ಲಘುವಾಗಿ ಕಂಪಿಸಿದಾಗಲೂ, ಮುಂದಿನ ಕಂಪನ ಇಂಥ ಹೊತ್ತಿಗೆ ಆಗಲಿದೆ ಎನ್ನುವ ಅನಾಮಧೇಯ ವಾಯ್ಸ್ ಮೆಸೇಜ್ ನಮ್ಮ ಗುಂಪಿಗೆ ಬಂದಿತ್ತು. ಭೂಕಂಪದ ಗಂಟೆಯನ್ನು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲವೆಂಬುದನ್ನು ನಿವೃತ್ತ ಶಿಕ್ಷಕರೊಬ್ಬರು ಗುಂಪಿನಲ್ಲಿ ತಾಳ್ಮೆಯಿಂದ ವಿವರಿಸಿದ ಮೇಲೆಯೇ ಕೆಲವರು ಮನೆಯೊಳಗೆ ಮಲಗಿದರು.

ಈಗ ಆನೆಯ ವಿಷಯ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆಯ ಗುಂಪುಗಳಲ್ಲಿ ಇದಕ್ಕಿಂತ ಮುಖ್ಯವಾದ ಸುದ್ದಿ ಇನ್ನೊಂದಿಲ್ಲ. ಹಗಲೆಲ್ಲ ಕಾಫಿ ತೋಟದೊಳಗೇ ನಿಂತು, ಕತ್ತಲಾದ ಮೇಲೆ ರಸ್ತೆ ದಾಟಿ ಇನ್ನೊಂದು ತೋಟಕ್ಕೋ ಗದ್ದೆಗೋ ಇಳಿಯುವ ಆನೆಗಳ ಹಿಂಡು ಬೆಳಗಿನ ಜಾವ ಎಲ್ಲಿದೆ ಎಂಬುದನ್ನು ಮೊದಲು ಕಾಣುವವರು ಹಾಲಿನ ಗಾಡಿಯವರು, ಪೇಪರ್ ಹಾಕುವ ಹುಡುಗರು, ನಾಯಿ ಬೊಗಳಿದ್ದಕ್ಕೆ ಎದ್ದವರು. ಅವರು ಗುಂಪಿಗೆ ಹಾಕುತ್ತಾರೆ. ಅರಣ್ಯ ಇಲಾಖೆಯ ಆರ್‌ಆರ್‌ಟಿ (ತ್ವರಿತ ಸ್ಪಂದನಾ ತಂಡ) ಸಿಬ್ಬಂದಿ ಕೂಡ ತಮ್ಮ ಮಾಹಿತಿಯನ್ನು ಹಾಕುತ್ತಾರೆ. ಅದನ್ನು ಓದಿದ ಬೆಳೆಗಾರರು ಜೀಪು ತೆಗೆಯುವುದನ್ನು ಅರ್ಧ ಗಂಟೆ ತಡಮಾಡುತ್ತಾರೆ, ಮಕ್ಕಳನ್ನು ಶಾಲೆಯ ಬಸ್ಸಿಗೆ ಬೇರೆ ದಾರಿಯಲ್ಲಿ ಬಿಡುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ಅದೇ ದಾರಿಯಲ್ಲಿ ಕತ್ತಿ, ಬುತ್ತಿ ಹಿಡಿದು ನಡೆದು ಹೋಗುವವರು ಯಾರು? ಲೈನ್‌ಮನೆಯ ಕಾರ್ಮಿಕರು, ಹಾಡಿಗಳಿಂದ, ಅಂದರೆ ಆದಿವಾಸಿಗಳ ವಸತಿಗಳಿಂದ, ಕೆಲಸಕ್ಕೆ ಬರುವ ಯರವರು, ಕುರುಬರು. ಕಾಡಾನೆ ದಾಳಿಯಲ್ಲಿ ಸತ್ತವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದಿರುವ ಸುದ್ದಿಗಳನ್ನು ತಿರುವಿದರೆ, ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದ ತೋಟದ ಕಾರ್ಮಿಕರು ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನಮ್ಮ ಗುಂಪಿನ ಸದಸ್ಯರ ಪಟ್ಟಿಯನ್ನು ಕೊನೆಯವರೆಗೆ ನೋಡಿದ್ದೇನೆ. ಅದರಲ್ಲಿ ಲೈನ್‌ಮನೆಯಲ್ಲಿ ವಾಸಿಸುವ ಒಬ್ಬರೂ ಇಲ್ಲ. ಬೇಕೆಂದೇ ಹೊರಗಿಟ್ಟದ್ದಲ್ಲ, ಗುಂಪು ಶುರುಮಾಡಿದವರ ಫೋನಿನಲ್ಲಿ ಅವರ ನಂಬರ್ ಇರಲಿಲ್ಲ, ಆಮೇಲೆ ಯಾರಿಗೂ ಹೊಳೆಯಲಿಲ್ಲ. ಆನೆಯ ಎದುರು ಬರಿಗಾಲಲ್ಲಿ ನಿಲ್ಲಬೇಕಾದವರಿಗೆ ಸುದ್ದಿಯಿಲ್ಲ, ಜೀಪಿನಲ್ಲಿ ಹೋಗುವವರಿಗೆ ಕ್ಷಣಕ್ಷಣದ ಸುದ್ದಿ.

ಅವರಲ್ಲಿ ಹಲವರ ಬಳಿ ಸ್ಮಾರ್ಟ್‌ಫೋನ್ ಇಲ್ಲ, ಇದ್ದರೂ ಓದಲು ಬಾರದು, ಸೇರಿಸಿ ಏನು ಪ್ರಯೋಜನ ಎಂಬ ಮಾತನ್ನು ನಾನು ಕೇಳಿದ್ದೇನೆ. ಇದಕ್ಕೆ ಉತ್ತರ ನಮ್ಮಂಥದೇ ಇನ್ನೊಂದು ತೋಟದ ಸೀಮೆಯಲ್ಲಿದೆ. ತಮಿಳುನಾಡಿನ ಆನೈಮಲೆ ಬೆಟ್ಟದ ವಾಲ್ಪಾರೈ ಸುತ್ತಮುತ್ತ ಟೀ ಮತ್ತು ಕಾಫಿ ತೋಟಗಳ ನಡುವೆ ಆನೆಗಳು ಓಡಾಡುತ್ತವೆ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯು ಅರಣ್ಯ ಇಲಾಖೆ ಮತ್ತು ತೋಟದವರೊಂದಿಗೆ ಸೇರಿ, ಆನೆ ಇರುವ ಸ್ಥಳವನ್ನು ಸಾಮಾನ್ಯ ಫೋನಿಗೂ ಬರುವ ಎಸ್‌ಎಂಎಸ್ ಮತ್ತು ಧ್ವನಿ ಕರೆಗಳ ಮೂಲಕ ಸುತ್ತಲಿನ ಜನರಿಗೆ ತಿಳಿಸುವ ವ್ಯವಸ್ಥೆ ಮಾಡಿದೆ. ಅದಕ್ಕಿಂತ ಸೊಗಸಾದದ್ದು ಕೆಂಪು ದೀಪಗಳ ಯೋಜನೆ. ಆಯಕಟ್ಟಿನ ಜಾಗಗಳಲ್ಲಿ ಎತ್ತರದ ಕಂಬದ ಮೇಲೆ ದೀಪವಿದ್ದು, ಹತ್ತಿರದಲ್ಲಿ ಆನೆ ಕಂಡರೆ ಸ್ಥಳೀಯರೇ ಫೋನ್ ಕರೆಯೊಂದರಿಂದ ಅದನ್ನು ಹೊತ್ತಿಸಬಹುದು. ದೂರದಿಂದ ಮಿನುಗುವುದನ್ನು ಕಂಡವರು ಆ ದಾರಿ ಬಿಡುತ್ತಾರೆ. ಓದು ಬಾರದವರಿಗೂ, ಫೋನೇ ಇಲ್ಲದವರಿಗೂ, ನಿನ್ನೆ ತಾನೇ ಅಸ್ಸಾಮಿನಿಂದ ಬಂದಿಳಿದ ಕಾರ್ಮಿಕನಿಗೂ ಕೆಂಪು ದೀಪ ಅರ್ಥವಾಗುತ್ತದೆ. ನಮ್ಮ ಹತ್ತಿರದ ಹಾಸನ ಜಿಲ್ಲೆಯಲ್ಲಿಯೂ ಎಸ್‌ಎಂಎಸ್, ಧ್ವನಿ ಕರೆ, ರಸ್ತೆಬದಿಯ ಫಲಕಗಳ ಇದೇ ಬಗೆಯ ಪ್ರಯತ್ನ ನಡೆದಿದೆ. ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ಹಾಕಿ ಚಲನೆ ಗಮನಿಸುವ ಇಲಾಖೆಗೆ, ಆ ಮಾಹಿತಿಯನ್ನು ಲೈನ್‌ಮನೆಯವರೆಗೆ ಮುಟ್ಟಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ.

ಅಂಥ ವ್ಯವಸ್ಥೆ ಬರುವವರೆಗೆ ತೋಟದವರು ಮಾಡಬಹುದಾದದ್ದು ಇದೆ. ಪ್ರತಿ ತೋಟದ ರೈಟರ್ (ಲೆಕ್ಕ ಬರೆಯುವವರು) ಮತ್ತು ಮೇಸ್ತ್ರಿಯ ನಂಬರ್ ಆನೆ ಮಾಹಿತಿಯ ಗುಂಪಿನಲ್ಲಿರಬೇಕು. ಕಾರ್ಮಿಕರು ಲೈನ್ ಬಿಟ್ಟು ಹೊರಡುವ ಮೊದಲೇ ಅವರಿಗೆ ತಿಳಿಸುವುದು ಈ ಇಬ್ಬರ ಕೆಲಸದ ಭಾಗವಾಗಬೇಕು. ಹಾಜರಿ ಕೂಗುವ ಜಾಗಕ್ಕೆ ಬಂದ ಮೇಲೆ ಹೇಳಿದರೆ ಆಗಲೇ ಅವರು ಅಪಾಯದ ದಾರಿ ದಾಟಿ ಬಂದಿರುತ್ತಾರೆ. ಬರಹಕ್ಕಿಂತ ಧ್ವನಿಯೇ ಮೇಲು. ಯರವ ಭಾಷೆಯಲ್ಲೋ, ಮಲಯಾಳದಲ್ಲೋ, ಹಿಂದಿಯಲ್ಲೋ ಹತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಸಾಕು. ಜೊತೆಗೆ, ಆನೆ ಇದೆ ಎಂದಷ್ಟೇ ಬರೆದು ಸುಮ್ಮನಾಗುವವರಿಗೂ ಒಂದು ಮಾತು: ಯಾವ ತೋಟ, ಯಾವ ಗೇಟು, ಎಷ್ಟು ಆನೆ, ಯಾವ ಕಡೆಗೆ ಮುಖಮಾಡಿವೆ ಎಂಬುದಿಲ್ಲದ ಸಂದೇಶದಿಂದ ಭಯ ಹೆಚ್ಚುತ್ತದೆಯೇ ಹೊರತು ದಾರಿ ತಿಳಿಯುವುದಿಲ್ಲ. ಆನೆಯ ಹತ್ತಿರ ಹೋಗಿ ವಿಡಿಯೋ ಮಾಡಿ ಹಾಕುವ ಯುವಕರ ಬಗ್ಗೆ ಬರೆಯುವುದಕ್ಕೆ ಇನ್ನೊಂದು ಪತ್ರವೇ ಬೇಕಾದೀತು.

ಗುಂಪಿನಲ್ಲಿ ಇಲ್ಲದವರಿಗೆ ಆಗುವ ಎರಡನೆಯ ಅನ್ಯಾಯ ಇನ್ನೂ ಗಂಭೀರವಾದದ್ದು. ಕಾಫಿ ಕೊಯ್ದು ಕಣದಲ್ಲಿ ಹರಡುವ ಕಾಲ ಬಂದರೆ, ಆಮೇಲೆ ಕರಿಮೆಣಸಿನ ಕಾಲ ಬಂದರೆ, ಕಳವಿನ ಭಯ ಎಲ್ಲರಿಗೂ ಇದೆ. ಅದು ಕಾರಣವಿಲ್ಲದ ಭಯವೂ ಅಲ್ಲ. ಆದರೆ ಆ ತಿಂಗಳುಗಳಲ್ಲಿ ನಮ್ಮ ಗುಂಪಿನಲ್ಲಿ ಬರುವ ಫೋಟೋಗಳನ್ನು ನೋಡಿದರೆ ನಾಚಿಕೆಯಾಗುತ್ತದೆ. ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತಿರುವ ಹೊರರಾಜ್ಯದ ಕಾರ್ಮಿಕರ ಚಿತ್ರ, ಅದರ ಕೆಳಗೆ ಜಾಗ್ರತೆ ಎಂಬ ಒಂದೇ ಪದ. ಹೋಂಸ್ಟೇ ಹುಡುಕುತ್ತಾ ನಿಧಾನವಾಗಿ ಸಾಗುತ್ತಿದ್ದ ಕಾರಿನ ನಂಬರ್. ಕೆಲಸ ಕೇಳಿಕೊಂಡು ಬಂದವನ ಆಧಾರ್ ಕಾರ್ಡಿನ ಎರಡೂ ಬದಿ. ಕೊನೆಯದನ್ನು ಹಾಕಿದವರು ಸಜ್ಜನರು. ಪರಿಚಯವಿರಲಿ ಎಂದು ಹಾಕಿದ್ದಾಗಿ ಹೇಳಿದರು. ಪೊಲೀಸರಿಗೆ ಕೊಡಬೇಕಾದ ದಾಖಲೆಯನ್ನು ಅಪರಿಚಿತರೂ ಇರುವ ಗುಂಪಿಗೆ ಹಾಕಿದರೆ ಆ ಬಡವನ ಹೆಸರಿನಲ್ಲಿ ನಾಳೆ ಏನೇನು ನಡೆಯಬಹುದೆಂಬ ಯೋಚನೆ ಅವರಿಗೆ ಬರಲಿಲ್ಲ. ಕಾರ್ಮಿಕನು ಗುಂಪಿನಲ್ಲಿದ್ದಿದ್ದರೆ ಒಂದು ಮಾತು ಕೇಳುತ್ತಿದ್ದ. ಇಲ್ಲದ್ದರಿಂದ ತನ್ನ ಮುಖ ನೂರಾರು ಫೋನುಗಳಲ್ಲಿದೆ ಎಂಬುದೇ ಅವನಿಗೆ ತಿಳಿಯದು. ಮಳೆಯ ವಿಷಯದಲ್ಲಿ ಸೆಂಟಿನ ಲೆಕ್ಕದಲ್ಲಿ ಬರೆಯುವ ನಾವೇ ಮನುಷ್ಯರ ವಿಷಯದಲ್ಲಿ ಯಾರೋ ಹೇಳಿದರು, ನೋಡಿದರೆ ಹಾಗೆ ಕಾಣುತ್ತದೆ ಎಂಬಷ್ಟಕ್ಕೇ ತೃಪ್ತರಾಗುವುದು ಏಕೆ?

ವಿಳಾಸ ಪರಿಶೀಲಿಸಿ ಸೇರಿಸಿಕೊಳ್ಳುವ ನೆಕ್ಸ್ಟ್‌ಡೋರ್‌ನಲ್ಲಿಯೂ ಇದೇ ಆಯಿತು. 2015ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ನಿವಾಸಿಗಳು, ಕಪ್ಪು ಜನಾಂಗದವರು ಸುಮ್ಮನೆ ಬೀದಿಯಲ್ಲಿ ನಡೆದುಹೋದರೂ ಸಂಶಯಾಸ್ಪದ ವ್ಯಕ್ತಿ ಎಂದು ಬರೆಯುತ್ತಾರೆಂದು ದೂರಿದರು. ಮರುವರ್ಷ ಕಂಪನಿ ಬರೆಯುವ ಕ್ರಮವನ್ನೇ ಬದಲಿಸಿತು: ವ್ಯಕ್ತಿಯ ಜನಾಂಗವನ್ನು ಹೆಸರಿಸುವವರು ಆತನ ಉಡುಪು ಮುಂತಾದ ಬೇರೆ ಗುರುತುಗಳನ್ನೂ ಕೊಡಲೇಬೇಕು, ಆತ ನಿಜವಾಗಿ ಏನು ಮಾಡುತ್ತಿದ್ದ ಎಂಬುದನ್ನು ಹೇಳಬೇಕು. ಇದರಿಂದ ಜನಾಂಗದ ಆಧಾರದ ಮೇಲೆ ಸಂಶಯಪಡುವ ಬರಹಗಳು ಶೇಕಡ 75ರಷ್ಟು ಇಳಿದವೆಂದು ಕಂಪನಿಯೇ ಹೇಳಿಕೊಂಡಿತು. ಕಂಪನಿಯ ಲೆಕ್ಕವನ್ನು ಎಷ್ಟು ನಂಬಬೇಕೋ ಅಷ್ಟು ನಂಬೋಣ, ಆದರೆ ಆ ಪ್ರಶ್ನೆ ನಮಗೂ ಬೇಕು. ಆತ ಏನು ಮಾಡುತ್ತಿದ್ದ? ಉತ್ತರವಿಲ್ಲದಿದ್ದರೆ ಫೋಟೋ ಹಾಕಬಾರದು; ಉತ್ತರವಿದ್ದರೆ ಅದು ಹೋಗಬೇಕಾದದ್ದು 112ಕ್ಕೆ. ನಮ್ಮ ರಾಜ್ಯದಲ್ಲಿಯೇ 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯಿಂದ ರೊಚ್ಚಿಗೆದ್ದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವಕರ ಮೇಲೆ ಬಿದ್ದು ಒಬ್ಬನನ್ನು ಕೊಂದಿತು. ದೇಶದ ಬೇರೆ ಬೇರೆ ಕಡೆಗಳಲ್ಲಿ ಇಂಥ ಕೊಲೆಗಳು ನಡೆದ ಆ ತಿಂಗಳಲ್ಲಿಯೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಲು ಮುಂದಾಯಿತು. ಆದರೆ ಊರಿನ ಗುಂಪಿಗೆ ಈ ಮಿತಿಯಿಂದ ಏನೂ ಆಗದು, ಏಕೆಂದರೆ ಇಲ್ಲಿ ಒಂದೇ ಗುಂಪಿಗೆ ಹಾಕಿದರೆ ಊರೆಲ್ಲ ತಲುಪಿಯಾಯಿತು.

ಅಡ್ಮಿನ್‌ಗಳು ಇಲ್ಲಿ ಗಟ್ಟಿಯಾಗಬೇಕು. ಕೇಸು ಬೀಳುತ್ತದೆಂಬ ಭಯದಿಂದ ಕೆಲವರು ಚುನಾವಣೆ ಬಂದರೆ ಗುಂಪನ್ನೇ ಬಂದ್ ಮಾಡಿ, ಅಡ್ಮಿನ್ ಮಾತ್ರ ಬರೆಯುವಂತೆ ಇಡುತ್ತಾರೆ. ಅದೇ ದಿನ ಆನೆ ಬಂದರೆ ಹೇಳಲು ಜಾಗವಿಲ್ಲ. ಸದಸ್ಯರು ಬರೆದದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲವೆಂದು 2021ರಲ್ಲಿ ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಹೇಳಿವೆ. ಭಯ ಬಿಟ್ಟು, ಸದಸ್ಯರು ಹಾಕಿದ್ದನ್ನು ಎಲ್ಲರ ಫೋನಿನಿಂದ ಅಳಿಸಲು ತಮಗೆ ಈಗ ಇರುವ ಅವಕಾಶವನ್ನು ಬೇಕಾದಾಗ ಬಳಸಲಿ. ಊರಿನ ಹಿರಿಯರೊಬ್ಬರು ಹಾಕಿದ್ದನ್ನು ಅಳಿಸುವುದು ಹೇಗೆ ಎಂಬ ದಾಕ್ಷಿಣ್ಯ ನಮ್ಮಲ್ಲಿ ದೊಡ್ಡದು ಎಂಬುದನ್ನು ಬಲ್ಲೆ.

ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ರಸ್ತೆಯ ಗುಂಡಿ, ಉರಿಯದ ಬೀದಿದೀಪ, ತೋಡಿಗೆ ಸುರಿದ ಕೋಳಿ ತ್ಯಾಜ್ಯ ಇವುಗಳ ಫೋಟೋವನ್ನು ಗುಂಪಿಗೆ ಹಾಕಿ, ಪಂಚಾಯಿತಿ ಸದಸ್ಯರು ಅದನ್ನು ನೋಡಿದ ನೀಲಿ ಗುರುತು ಬಿದ್ದರೆ ದೂರು ಕೊಟ್ಟಾಯಿತೆಂದು ತಿಳಿಯುವವರು ಹೆಚ್ಚಾಗಿದ್ದಾರೆ. ಗುಂಪಿನ ಫೋಟೋಗೆ ಸ್ವೀಕೃತಿ ಇಲ್ಲ, ಕಾಲಮಿತಿ ಇಲ್ಲ, ಮೇಲ್ಮನವಿಯೂ ಇಲ್ಲ. ವಿದ್ಯುತ್ ದೂರಿಗೆ 1912, ಇತರ ಸರ್ಕಾರಿ ಇಲಾಖೆಗಳ ದೂರಿಗೆ ಜನಸ್ಪಂದನದ 1902 ಇವೆ. ದೂರಿಗೊಂದು ಸಂಖ್ಯೆ ಸಿಗುತ್ತದೆ. ಲಿಖಿತ ಅರ್ಜಿ ಕೊಟ್ಟರೆ ಅದರ ಗತಿಯೇನಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಗ್ರಾಮಸಭೆಯಲ್ಲಿ ಹೇಳಿದ ಮಾತು ನಡಾವಳಿ ಪುಸ್ತಕದಲ್ಲಿ ಉಳಿಯುತ್ತದೆ. ನಮ್ಮ ಗುಂಪಿನಲ್ಲಿ ಒಂದು ಮೋರಿಯ ಬಗ್ಗೆ ನಡೆದ ಬಿಸಿ ಚರ್ಚೆಯಲ್ಲಿ ಪಾಲ್ಗೊಂಡವರಲ್ಲಿ ಬೆರಳೆಣಿಕೆಯ ಮಂದಿಯಷ್ಟೇ ಮುಂದಿನ ಗ್ರಾಮಸಭೆಗೆ ಬಂದಿದ್ದರು. ಮೋರಿ ಹಾಗೆಯೇ ಇದೆ.

ಮಳೆ ಜೋರಾದಾಗ ಕರೆಂಟು ಹೋಗಿ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು, ಗುಂಪೇ ಮೂಕವಾಗುವುದು ನಮ್ಮಲ್ಲಿ ಪ್ರತಿ ವರ್ಷದ ಕತೆ. ಅತ್ಯಂತ ಅಗತ್ಯವಿರುವ ರಾತ್ರಿಯೇ ಸಾಧನ ಕೈಕೊಡುತ್ತದೆಯೆಂದ ಮೇಲೆ, ಇಳಿಜಾರಿನಲ್ಲಿರುವ ಯಾವ ಮನೆಗೆ ಯಾರು ಹೋಗಿ ಎಬ್ಬಿಸಬೇಕು ಎಂಬುದನ್ನು ಮೇ ತಿಂಗಳಲ್ಲಿಯೇ ಕೂತು ಮಾತಾಡಿ ನಿಗದಿ ಮಾಡಿಕೊಳ್ಳಬೇಕು. ಹೊಳೆದಂಡೆಯ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ ಕಡೆಯವರಿಗೆ 2019ರ ಪ್ರವಾಹದ ನಂತರ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೈನ್‌ಮನೆಯವರನ್ನು ಗುಂಪಿಗೆ ಸೇರಿಸಬೇಕೆಂದು ನಾನು ಹೇಳಿದಾಗ ಬಂದ ಆಕ್ಷೇಪ, ಬೆಳೆಗಾರರ ಒಳಮಾತು, ಕೂಲಿಯ ದರದ ಚರ್ಚೆ ಎಲ್ಲ ಅವರಿಗೆ ತಿಳಿಯುತ್ತದೆ ಎಂಬುದು. ಊರಿನ ಗುಂಪೆಂದು ಹೆಸರಿಟ್ಟ ಮೇಲೆ ಊರಿನ ಅರ್ಧ ಜನರಿಗೆ ಕೇಳಿಸಬಾರದ ಮಾತು ಅಲ್ಲಿ ಏಕಿರಬೇಕು ಎಂದು ವಾದಿಸಬಹುದು. ಆದರೆ ಆ ವಾದ ಗೆಲ್ಲುವವರೆಗೆ ಆನೆ ಕಾಯುವುದಿಲ್ಲ. ಆದ್ದರಿಂದ ಹರಟೆಗೆ ಅವಕಾಶವಿಲ್ಲದ, ಆನೆ ಮತ್ತು ಪ್ರವಾಹದ ಮಾಹಿತಿಗಷ್ಟೇ ಮೀಸಲಾದ ಪ್ರತ್ಯೇಕ ಗುಂಪನ್ನು ಪ್ರತಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ರಚಿಸಿ, ಅದರಲ್ಲಿ ಪ್ರತಿ ಲೈನ್‌ಮನೆ ಮತ್ತು ಪ್ರತಿ ಹಾಡಿಯಿಂದ ಕನಿಷ್ಠ ಇಬ್ಬರ ನಂಬರ್ ಇರುವಂತೆ, ಅದರಲ್ಲಿ ಒಬ್ಬರು ಮಹಿಳೆಯಾಗಿರುವಂತೆ ನೋಡಿಕೊಳ್ಳಬೇಕೆಂದು ವಲಯ ಅರಣ್ಯಾಧಿಕಾರಿಗಳನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನೂ ಈ ಮೂಲಕ ಕೋರುತ್ತೇನೆ. ಆನೆ ದಾಟುವ ಜಾಗಗಳಲ್ಲಿ ವಾಲ್ಪಾರೈ ಮಾದರಿಯ ದೀಪಗಳನ್ನು ಅಳವಡಿಸುವ ಬಗ್ಗೆ ಇಲಾಖೆ ತನ್ನ ನಿಲುವನ್ನು ನಿಮ್ಮ ಪತ್ರಿಕೆಯ ಮೂಲಕವೇ ತಿಳಿಸಿದರೆ ಉಪಕಾರ. ಕಂಬಕ್ಕೆ ಜಾಗ ಕೊಡಲು ನಮ್ಮ ಊರಿನ ಕೆಲವು ಬೆಳೆಗಾರರು ಈಗಾಗಲೇ ಒಪ್ಪಿದ್ದಾರೆ. ರೈಟರ್ ಮತ್ತು ಮೇಸ್ತ್ರಿಗಳ ನಂಬರಿನ ಪಟ್ಟಿಯನ್ನು ಮಳೆಗಾಲಕ್ಕೆ ಮುಂಚೆ ನಾವೇ ತಯಾರಿಸಿ ವಲಯ ಕಚೇರಿಗೆ ಕೊಡುತ್ತೇವೆ.

ಇತಿ,
ಸಿದ್ದಾಪುರ ಭಾಗದ ಒಬ್ಬ ಕಾಫಿ ಬೆಳೆಗಾರ
(ನಮ್ಮ ಗುಂಪಿನ ಸದಸ್ಯರೂ ಈ ಪತ್ರಿಕೆಯ ಓದುಗರಾಗಿರುವುದರಿಂದ ಹೆಸರು ಪ್ರಕಟಿಸಬಾರದೆಂದು ವಿನಂತಿ.)